ಲಂಡನ್ ವಿಮಾನದ ಕಿಟಕಿಯ ಚಂದ್ರ

ಸಂಕಷ್ಟಿಯ ಮರುದಿನ. ಹಾಲಿನವ ಕಿರುಚಿದ್ದು ಕೇಳಿ ಎದುರು ಮನೆಗೆ ಓಡಿದೆ. ಕಲ್ಲವ್ವಕ್ಕ ದೇವರ ಮುಂದೆ ಬಿದ್ದಿದ್ದರು. ಕುತ್ತಿಗೆಗೆ ಅವರದೇ ಸೆರಗು ಬಿಗಿದಿತ್ತು. ಪಕ್ಕದಲ್ಲಿ ಎರಡು ತಟ್ಟೆ. ಒಂದು ಖಾಲಿ, ಇನ್ನೊಂದರಲ್ಲಿ ಮೋದಕ ಹಾಗೇ ಇತ್ತು.

ಹಿಂದಿನ ರಾತ್ರಿ ಅವರ ದನಿ ಕೇಳಿದ್ದೆ. ಅವರ ಕಿಟಕಿಗೆ ಚಂದ್ರ ಕಾಣುವುದಿಲ್ಲ, ನನ್ನದಕ್ಕೆ ಕಾಣುತ್ತದೆ. ಪ್ರತಿ ಸಂಕಷ್ಟಿಗೂ ಉಪವಾಸ ಬಿಡುವ ಮುನ್ನ ಕೂಗುತ್ತಿದ್ದರು, "ಅಕ್ಕೂ, ಚಂದ್ರ ಬಂದ ಏನವ್ವ?" ಆ ರಾತ್ರಿಯೂ ನಾನು "ಬಂದ" ಎಂದಿದ್ದೆ. ಆಮೇಲೆ ಮುಂಬೈ ಪಕ್ಕದ ಕೋಪರಿಯ ನಮ್ಮ ಚಾಳಿನ ಸಾಲುಮನೆಗಳಲ್ಲಿ ಒಂದು ಸದ್ದೂ ಇರಲಿಲ್ಲ.

* * *

ಇನ್ಸ್‌ಪೆಕ್ಟರ್ ಯತಿನ್ ಹೇಳಿದರು, "ಜೀವ ಹೋದದ್ದು ಹತ್ತರ ಸುಮಾರಿಗೆ. ಆ ಹೊತ್ತಿಗೆ ಅವರೇ ಬಾಗಿಲು ತೆಗೆದು, ಬಂದವರಿಗೆ ತಟ್ಟೆ ಇಟ್ಟಿದ್ದಾರೆ. ಬಂದದ್ದು ಮನೆಯವರೇ."

ಮನೆಯವರು ಇಬ್ಬರೇ. ಕಲ್ಯಾಣದ ತಮ್ಮ ಸಿದ್ಧೇಶ್ವರ, ಭಿವಂಡಿಯಲ್ಲಿ ಬಟ್ಟೆ ವ್ಯಾಪಾರಿ. ಆ ರಾತ್ರಿ ಅವನು ಲಂಡನ್‌ನಿಂದ ಬರುವ ವಿಮಾನದಲ್ಲಿದ್ದ, ಟಿಕೆಟ್ ತೋರಿಸಿದ. ಇನ್ನೊಬ್ಬಳು ಕಲ್ಲವ್ವಕ್ಕ ಸಾಕಿದ ಶೈಲಶ್ರೀ. ಮಹಾಪೆಯಲ್ಲಿ ಕೆಲಸ, ಅಲ್ಲೇ ಪಿಜಿ. ರೂಮಿನಲ್ಲಿ ಒಬ್ಬಳೇ ಇದ್ದೆ ಎಂದಳು. ಸಾಕ್ಷಿ ಇಲ್ಲ. ಅವಳನ್ನು ಜೀಪಿಗೆ ಹತ್ತಿಸಿದರು.

"ಅಕ್ಕು ಆಂಟಿ, ನಾನಲ್ಲ," ಎಂದಳು. ಈ ಹುಡುಗಿ ಒಂದು ಇರುವೆಯನ್ನೂ ಕೊಲ್ಲುವವಳಲ್ಲ ಮಾರಾಯ್ರೆ.

* * *

ಸಿದ್ಧೇಶ್ವರನಿಗೆ ನನ್ನ ಮನೆಯಲ್ಲಿ ಚಹಾ ಕೊಟ್ಟೆ.

"ನಿನ್ನೆ ಉಪವಾಸ ಇದ್ರಾ?"

"ಹೂಂರಿ ಅಕ್ಕಾರ. ಅಕ್ಕನೇ ಕಲಿಸಿದ್ದು. ವಿಮಾನದಾಗ ಕಿಟಕಿಯಿಂದ ಚಂದ್ರನ್ನ ನೋಡಿ ಉಂಡೆ. ನಮ್ಮ ಟೈಮಿಗೆ ಒಂಬತ್ತೂವರೆ ಆಗಿತ್ತು. ಅಕ್ಕನೂ ಈಗ ಉಣ್ತಿರ್ತಾಳ ಅಂದ್ಕೊಂಡೆ." ಕಣ್ಣೊರೆಸಿಕೊಂಡ.

ನನ್ನ ಗೋಡೆಯ ಕ್ಯಾಲೆಂಡರಿನಲ್ಲೂ ಚಂದ್ರೋದಯ ಒಂಬತ್ತೂವರೆಯೇ, ಆದರೆ ಅದು ಮುಂಬೈಯದು. ಸ್ಟೇಷನ್ ಹತ್ತಿರ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವಳು ನಾನು, ವಿಮಾನಗಳ ಹೊತ್ತು ನನಗೆ ಬಾಯಿಪಾಠ.

* * *

"ಸಾಹೇಬರೇ, ಲಂಡನ್‌ನಿಂದ ಮುಂಬೈಗೆ ಏಳು ಸಾವಿರ ಚಿಲ್ಲರೆ ಕಿಲೋಮೀಟರ್. ಒಂಬತ್ತು ಗಂಟೆ ದಾರಿ. ಅವನು ತೋರಿಸಿದ ಟಿಕೆಟಿನ ವಿಮಾನ ಇಳಿದದ್ದು ನಡುರಾತ್ರಿ ದಾಟಿ. ಒಂಬತ್ತೂವರೆಗೆ ಅದು ಇನ್ನೂ ಮೂರು ಗಂಟೆ ದೂರ, ಪಶ್ಚಿಮದಲ್ಲಿ. ನಮಗೇ ಚಂದ್ರ ಆಗ ತಾನೇ ಹುಟ್ಟಿದ್ದ, ಪಶ್ಚಿಮದವರಿಗೆ ಹುಟ್ಟುವುದು ಇನ್ನೂ ಆಮೇಲೆ. ಅವನು ಚಂದ್ರನನ್ನು ನೋಡಿ ಉಂಡೆ ಎನ್ನುವ ಆ ಕಿಟಕಿಯಲ್ಲಿ ಚಂದ್ರನೇ ಇರಲಿಲ್ಲ."

ಯತಿನ್ ನಕ್ಕರು. "ಮ್ಯಾಡಂ, ಚಂದ್ರನ ಸಾಕ್ಷಿ ಕೋರ್ಟಲ್ಲಿ ನಡೆಯಲ್ಲ."

"ಚಂದ್ರ ಬೇಡ. ಅವನ ಪಾಸ್‌ಪೋರ್ಟಿನ ಠಸ್ಸೆ ನೋಡಿ. ಟಿಕೆಟ್ ಯಾರು ಬೇಕಾದರೂ ತೆಗೀಬಹುದು. ಹತ್ತಿದ್ದಾನಾ?"

ಠಸ್ಸೆ ಸಂಕಷ್ಟಿಯ ಹಿಂದಿನ ದಿನದ್ದಿತ್ತು. ಮೊದಲೇ ಬೇರೆ ಟಿಕೆಟಿನಲ್ಲಿ ಬಂದು, ಹತ್ತದ ವಿಮಾನದ ಟಿಕೆಟ್ ತೋರಿಸಿದ್ದ. ಅಳುವ ತಮ್ಮನ ಪಾಸ್‌ಪೋರ್ಟ್ ಯಾರು ಕೇಳುತ್ತಾರೆ? ಕಲ್ಲವ್ವಕ್ಕ ಮನೆಯನ್ನು ಶೈಲಶ್ರೀ ಹೆಸರಿಗೆ ಬರೆಯುವವರಿದ್ದರು. ಅವನಿಗೆ ಅದನ್ನು ಬಿಲ್ಡರಿಗೆ ಕೊಡಬೇಕಿತ್ತು. ಸುಳ್ಳು ಹೇಳುವಾಗಲೂ ಚಂದ್ರನನ್ನು ನೋಡದೆ ಉಂಡೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನಿಜಕ್ಕೂ ಆ ಹೊತ್ತಿಗೇ ಉಂಡಿದ್ದ, ಅಕ್ಕನ ಎದುರು ಕೂತು. ತಮ್ಮನಿಗೆ ಮೊದಲು ಬಡಿಸಿ, ತಾನು ಉಪವಾಸದಲ್ಲೇ ಹೋದಳು ಪುಣ್ಯಾತ್ಗಿತ್ತಿ.

* * *

ಮುಂದಿನ ಸಂಕಷ್ಟಿಗೆ ಶೈಲಶ್ರೀ ನನ್ನ ಮನೆಯಲ್ಲೇ ಇದ್ದಳು. ಎದುರು ಮನೆಗೆ ಪೊಲೀಸರ ಬೀಗ. ಚಂದ್ರ ಹುಟ್ಟಿದ.

ಕತ್ತಲೆಯ ಆ ಕಿಟಕಿಯಿಂದ ಮೆಲ್ಲಗೆ ದನಿ ಬಂತು, "ಅಕ್ಕೂ, ಚಂದ್ರ ಬಂದ ಏನವ್ವ?"

ಶೈಲಶ್ರೀ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವಳಿಗೂ ಕೇಳಿಸಿತ್ತು.

"ಬಂದ ಕಲ್ಲವ್ವಕ್ಕ," ಎಂದೆ. "ನೀವು ಮೊದಲು ಉಣ್ಣಿ."