ಅಮ್ಮ ಬೇಡ ಅಂತಾಳೆ

ಸಹಪಾಠಿ ಫೌಸ್ತಿನೊ ಕಾಫಿ, ಬ್ರೆಡ್ಡಿನ ಟ್ರೇ ಹಿಡಿದು ಹತ್ತಿರ ಬಂದಾಗ ಎಲಿದಾಳ ಎದೆ ಎರಡು ಕಾರಣಕ್ಕೆ ಹೊಡೆದುಕೊಂಡಿತು. ಒಂದು, ಹುಡುಗ ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಇನ್ನೊಂದು, ಪೋಷಕರ ಸಭೆಗೆ ಅಮ್ಮ ಸ್ಟ್ರಾಬೆರಿ ಹೊಲದ ಮಣ್ಣಿನ ಬೂಟಿನಲ್ಲೇ ಬಂದು ಪಕ್ಕದಲ್ಲಿ ಕೂತಿದ್ದಳು.

ಅಮೆರಿಕದ ಆಕ್ಸ್‌ನಾರ್ಡಿನಲ್ಲಿ ತಮ್ಮದೇ ಭಾಷೆಯಾಡುವ ಗುಡ್ಡಗಾಡಿನ ಮಿಸ್ತೆಕೊ ಜನರೆಂದರೆ ಮೆಕ್ಸಿಕೋದ ಉಳಿದವರಿಗೇ ತಾತ್ಸಾರ. ಅದಕ್ಕೇ ಎಲಿದಾ ತಾನೂ ಮಿಸ್ತೆಕೊ ಎಂಬುದನ್ನು ಮುಚ್ಚಿಟ್ಟು ಫೌಸ್ತಿನೊ ಮುಂದೆ, “ನಮ್ಮನೇಲಿ ಬರೀ ಸ್ಪ್ಯಾನಿಷ್” ಎಂದು ಬಿಟ್ಟಿದ್ದಳು.

“ದೂರದ ಕಾಲೇಜಲ್ಲಿ ಸೀಟು ಸಿಕ್ಕಿದೆಯಲ್ಲ, ನಿಮ್ಮಮ್ಮ ಹಾಸ್ಟೆಲಿಗೆ ಕಳಿಸ್ತಾರಾ ಕೇಳು,” ಎಂದರು ಟೀಚರು ಇಂಗ್ಲಿಷಿನಲ್ಲಿ.

ಎಲಿದಾ ಮಿಸ್ತೆಕೊದಲ್ಲಿ ಪಿಸುಗುಟ್ಟಿದಳು. ಅಮ್ಮನ ಮುಖ ಅರಳಿತು. “ಹೋಗ್ಲಿ! ಸೊಂಟ ಬಗ್ಗಿಸೋಕೆ ನಾನೊಬ್ಳು ಸಾಕು.”

“ನೋ. ಅಮ್ಮ ಬೇಡ ಅಂತಾಳೆ,” ಎಂದಳು ಎಲಿದಾ ಟೀಚರಿಗೆ.

ಅಮ್ಮನಿಗೆ ಮಿಸ್ತೆಕೊ ಬಿಟ್ಟು ಬೇರೆ ಮಾತು ಬಾರದು; ಆಸ್ಪತ್ರೆಯಲ್ಲಿ, ಮೇಸ್ತ್ರಿಯ ಮುಂದೆ ಅಮ್ಮನ ಬಾಯಿ ಇವಳೇ. ಇವಳು ಹೋದರೆ ಅಮ್ಮ ಮೂಕಿ. ಅದಕ್ಕಾಗಿ ಉಳಿಯುತ್ತೇನೆಂದರೆ ಅಮ್ಮ ಒಪ್ಪುವವಳಲ್ಲ. ಅಮ್ಮನ ಮೇಲೇ ಹಾಕಿಬಿಟ್ಟರೆ ಯಾರೂ ಕೇಳುವುದಿಲ್ಲ. ಟೀಚರು ಅಮ್ಮನನ್ನು ಕಲ್ಲೆದೆಯವಳೆಂಬಂತೆ ನೋಡಿದರು. ಅಮ್ಮ ನಗುತ್ತಲೇ ಇದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಎಲಿದಾಗೆ.

“ಅತ್ತೇ, ಬ್ರೆಡ್ಡು ತಗೊಳ್ಳಿ, ಸಿಹಿಯಾಗಿದೆ,” ಎಂದ ಫೌಸ್ತಿನೊ. ಅಚ್ಚ ಮಿಸ್ತೆಕೊ!

ಎಲ್ಲ ಕೇಳಿಸಿಕೊಂಡಿದ್ದಾನೆ. ಎಲಿದಾ ಅವನ ತೋಳು ಹಿಡಿದು ಕಾರಿಡಾರಿಗೆ ಎಳೆದೊಯ್ದಳು.

“ನೀನೂ ನಮ್ಮವನೇನೋ? ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲೋ ಕಳ್ಳ!”

“ನೀನು ಬಿಟ್ಯಾ, ಕಳ್ಳಿ?” ಅವನ ನಗು ಅರ್ಧಕ್ಕೇ ನಿಂತಿತು. “ಗೊತ್ತಾದ್ರೆ ನೀನು ತಿರುಗಿಯೂ ನೋಡಲ್ಲ ಅನ್ಕೊಂಡೆ. ಈಗ ನಾಚಿಕೆ ಆಗ್ತಿದೆ. ನಿನ್ನ ಕಂಡ್ರೆ ಪ್ರಾಣ ಕಣೇ ನಂಗೆ.”

ಎಷ್ಟೋ ದಿನದಿಂದ ಕಾದ ಮಾತು. ಬಂದಾಗ ಕಣ್ಣೆತ್ತಿ ನೋಡಲು ಅವಳಿಗೆ ಮುಖವೇ ಇರಲಿಲ್ಲ. “ನಾನು ಹೋದ್ರೆ ಆಸ್ಪತ್ರೇಲಿ ಅಮ್ಮನ ಮಾತು ಯಾರು ಹೇಳ್ತಾರೋ?” ಎಂದಳು.

“ಹೋಗು ನೀನು,” ಎಂದ. “ನಾನು ಇಲ್ಲೇ ಊರಿನ ಕಾಲೇಜಿಗೆ ಸೇರ್ತೀನಿ. ಅತ್ತೆ ಜೊತೆ ಆಸ್ಪತ್ರೆಗೆ ನಾನು ಹೋಗ್ತೀನಿ. ಅವರ ಹೆಸರು ಮಾತ್ರ ಕೆಡಿಸ್ಬೇಡ.”

ಅವಳು ಒಳಗೆ ಬಂದು ಟೀಚರ ಮುಂದೆ ನಿಂತಳು. “ಅಮ್ಮ ಹೋಗು ಅಂದಿದ್ದು. ಬೇಡ ಅಂದೋಳು ನಾನು. ನಾನು ಹೋಗ್ತೀನಿ.” ಆಮೇಲೆ ಅಮ್ಮನ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಮಿಸ್ತೆಕೊದಲ್ಲಿ ಅಂದಳು: “ಅಮ್ಮಾ, ನಿನ್ನ ಹೆಸರಲ್ಲಿ ಸುಳ್ಳು ಹೇಳ್ಬಿಟ್ಟೆ.”

ಸುತ್ತಲಿನ ತಲೆಗಳು ತಿರುಗಿದವು. ಅಮ್ಮ ಬ್ರೆಡ್ಡು ಮುರಿದು ಒಂದು ತುಂಡನ್ನು ಹಿಂದೆಯೇ ಬಂದು ನಿಂತಿದ್ದ ಫೌಸ್ತಿನೊ ಕೈಗಿಟ್ಟಳು.

“‘ನೋ’ ಅಂದ್ರೇನು ಅಂತ ನಂಗೊತ್ತು ಕಣೇ. ಹೊಲದಲ್ಲಿ ದಿನಾ ಕೇಳ್ತೀನಿ,” ಎಂದಳು. “ನೀನೇ ತಿದ್ಕೋತೀಯ ಅಂತ ನಗ್ತಾ ಕೂತಿದ್ದೆ.”

ಎಲಿದಾಳ ತಲೆ ಮೇಲೇಳಲಿಲ್ಲ. ಫೌಸ್ತಿನೊ ಮೆಲ್ಲಗೆ ಅವಳ ಕಿರುಬೆರಳು ಹಿಡಿದುಕೊಂಡ. ಅವನ ತಲೆಯೂ ತಗ್ಗಿತ್ತು.