ಮಾತಿಗೆ ಬೆಲೆ ಕಟ್ಟಿದ ಮಧ್ಯಾಹ್ನ

“ಇವತ್ತು ನೀನು ಸಹಿ ಹಾಕ್ಲೇಬೇಕು!”

ಅತ್ತೆಯ ಕೈಯಲ್ಲಿದ್ದ ಫೋನು ಹಾಗೆಂದಿತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ದನಿ ಕಳೆದುಕೊಂಡ ಮೇಲೆ ಆಕೆ ಫೋನಿನಲ್ಲಿ ಬರೆಯುತ್ತಿದ್ದರು, ಅದು ಗಟ್ಟಿಯಾಗಿ ಓದುತ್ತಿತ್ತು. ಪ್ರೀತಿಗೂ ಸಿಟ್ಟಿಗೂ ಒಂದೇ ದನಿ. ಆದರೂ ಬೈಗುಳ ಮಾತ್ರ ಹೇಗೋ ಬೈಗುಳದಂತೆಯೇ ಕೇಳಿಸುತ್ತಿತ್ತು.

ಸೊಸೆ ಒಲೆಯ ಮುಂದೆ ಕಲ್ಲಿನಂತೆ ನಿಂತಿದ್ದಳು.

“ಹಾಲು ಉಕ್ತಿದೆ! ಕಣ್ಣೆಲ್ಲಿದೆ ನಿಂದು?”

ಕಣ್ಣು ತುಂಬಿತ್ತು. ಮನಸ್ಸು ಮಹಡಿಯ ಕೋಣೆಯಲ್ಲಿತ್ತು. ಬರೆದದ್ದನ್ನು ಓದಿ ಹೇಳುವ ಆ ತಂತ್ರಾಂಶವನ್ನು ಅವಳ ಗಂಡ ತಾಯಿಗೆಂದು ಅಲ್ಲಿಯೇ ಕೂತು ಬರೆದಿದ್ದ. ಬರೆದದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಯಾರು ಬೇಕಾದರೂ ಬಳಸಬಹುದು, ಒಳಗೇನಿದೆ ಎಂದು ತೆರೆದು ನೋಡಬಹುದು, ತಿದ್ದಬಹುದು, ಕಾಸು ಕೊಡಬೇಕಾಗಿಲ್ಲ. ದನಿ ಹೋದ ಸಾವಿರಾರು ಜನ ಅದರಿಂದ ಮಾತಾಡುತ್ತಿದ್ದರು. ಎರಡು ವರ್ಷದ ಹಿಂದೆ ಅವನ ಹೃದಯ ಕೈಕೊಟ್ಟಿತು. ನಾಲ್ಕೇ ದಿನ ಆಸ್ಪತ್ರೆಯಲ್ಲಿದ್ದು ಹೊರಟುಹೋದ...

ಅವನು ಹೋದರೂ ಕೆಲಸ ನಿಲ್ಲಲಿಲ್ಲ. ಫೋನುಗಳು ಬದಲಾದಾಗಲೆಲ್ಲ ತಂತ್ರಾಂಶ ಮುಗ್ಗರಿಸುತ್ತಿತ್ತು. ‘ಮೊಮ್ಮಗಳಿಗೆ ಕಥೆ ಹೇಳ್ತಾ ಇದ್ದೆ, ಮಧ್ಯದಲ್ಲಿ ನಿಂತೋಯ್ತು’ ಎಂದು ಯಾವುದೋ ಅಜ್ಜ ಬರೆಯುತ್ತಿದ್ದರು. ಸಹಾಯಕ್ಕೆ ಬಂದವರು ಒಂದೆರಡು ತಿದ್ದುಪಡಿ ಕಳಿಸಿ ಮಾಯವಾಗುತ್ತಿದ್ದರು. ಕೊನೆಗೆ, ಗಣಿತದ ಟೀಚರಾಗಿದ್ದ ಸೊಸೆ ಶಾಲೆಯಲ್ಲಿ ಅರ್ಧ ಹೊತ್ತಿನ ಕೆಲಸಕ್ಕೆ ಇಳಿದು, ಉಳಿದರ್ಧ ಹೊತ್ತು ಆ ಕೋಣೆಯಲ್ಲಿ ಕೂತು, ತಾನೇ ಕಲಿತು ಅದನ್ನು ತಿದ್ದತೊಡಗಿದಳು. ಸಂಬಳವೂ ಅರ್ಧವಾಯಿತು.

ಅವಳನ್ನು ಹಿಡಿದಿಟ್ಟದ್ದು ಕರ್ತವ್ಯವೊಂದೇ ಅಲ್ಲ. ತಂತ್ರಾಂಶದ ಸಾಲುಗಳ ನಡುವೆ ಅವನು ತನಗೆಂದು ಬರೆದುಕೊಂಡ ಟಿಪ್ಪಣಿಗಳಿದ್ದವು. ‘ಅಮ್ಮನಿಗೆ ತಾಳ್ಮೆ ಇಲ್ಲ, ಇಲ್ಲಿ ಬೇಗ ಓದಬೇಕು.’ ‘ಇವಳು ಊಟಕ್ಕೆ ಮೂರು ಸಲ ಕರೆದಳು, ಉಳಿದದ್ದು ನಾಳೆ.’ ಅದನ್ನು ಓದಿದ ದಿನ ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದ್ದಳು. ಇನ್ನೂ ಕೆಲವು ಕಡತಗಳನ್ನು ಬೇಕೆಂದೇ ತೆರೆಯದೆ ಉಳಿಸಿಕೊಂಡಿದ್ದಳು. ಎಲ್ಲವನ್ನೂ ಓದಿ ಮುಗಿಸಿದರೆ ಅವನ ಹೊಸ ಮಾತು ಮತ್ತೆಲ್ಲಿ ಸಿಗುತ್ತದೆ?

ಈಗ ಅದೆಲ್ಲವನ್ನೂ ಕೊಳ್ಳಲು ಕಂಪನಿಯೊಂದು ಮುಂದೆ ಬಂದಿತ್ತು. ವಾರಸುದಾರರಾದ ಅತ್ತೆ, ಸೊಸೆ ಇಬ್ಬರೂ ಒಪ್ಪಬೇಕಿತ್ತು.

“ಸತ್ತೋನ ಕೆಲಸಕ್ಕೆ ಬದುಕಿರೋರು ಸಾಯ್ಬೇಕಾ?” ಫೋನು ಕೇಳಿತು. “ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ?”

ಮೂರು ಗಂಟೆಗೆ ಕಂಪನಿಯವನು ಬಂದ. ವಿನಯವಂತ, ಚಪ್ಪಲಿಯನ್ನೂ ಸಾಲಾಗಿ ಜೋಡಿಸಿ ಒಳಬಂದ. ಕಾಗದ ಹರಡಿ ವಿವರಿಸಿದ: “ಇನ್ಮೇಲೆ ಹೊಸ ಫೋನುಗಳಿಗೆ ತಿದ್ದಿ ಉಚಿತವಾಗಿ ಕೊಡೋದು ನಿಲ್ಲುತ್ತೆ. ದಿನಕ್ಕೆ ನೂರು ವಾಕ್ಯ ಮಾತ್ರ ಬಿಟ್ಟಿ, ಆಮೇಲೆ ಚಂದಾ. ಅಮ್ಮ, ನೀವು ಯೋಚ್ನೆ ಮಾಡ್ಬೇಡಿ, ನಿಮಗೆ ಬದುಕಿರೋವರೆಗೂ ಉಚಿತ.”

“ಚಂದಾ ಕಟ್ಟೋಕಾಗದೋರು?” ಫೋನು ಕೇಳಿತು.

“ಮಾರನೇ ದಿನ ಮತ್ತೆ ನೂರು ಸಿಗುತ್ತಲ್ಲಮ್ಮ.”

ಅತ್ತೆಯ ಬೆರಳು ನಿಂತಿತು. ಆಮೇಲೆ ಬಹಳ ಹೊತ್ತು ಬರೆದರು.

“ಆಸ್ಪತ್ರೆಯಲ್ಲಿ ಕೊನೇ ದಿನ ನನ್ನ ಮಗನ ಹತ್ರ ಒಬ್ಬಳೇ ಕೂತಿದ್ದೆ. ಇವಳು ಔಷಧಿ ಹುಡುಕ್ಕೊಂಡು ಅಂಗಡಿ ಅಂಗಡಿ ಸುತ್ತುತ್ತಿದ್ಲು. ಅವನು ಚಿಕ್ಕೋನಿದ್ದಾಗಿನದೆಲ್ಲ ಇದ್ರಲ್ಲೇ ಹೇಳ್ದೆ. ಕಣ್ಮುಚ್ಕೊಂಡೇ ನಗ್ತಿದ್ದ. ಇನ್ನೊಂದು ಹೇಳಮ್ಮ ಅಂದ. ನೂರಕ್ಕೆ ಇದು ನಿಂತಿದ್ರೆ... ನಾಳೆ ಹೇಳ್ತೀನಿ ಇರು ಅನ್ನೋದಕ್ಕೆ ಅವನಿಗೆ ನಾಳೆ ಎಲ್ಲಿತ್ತಪ್ಪಾ?”

“ಅತ್ತೆ... ಅವರು ನಕ್ರಾ?” ಸೊಸೆಯ ದನಿ ಒಡೆಯಿತು. “ಎರಡು ವರ್ಷ ಆಯ್ತು... ನನಗೊಂದು ಮಾತು ಹೇಳ್ಲಿಲ್ವಲ್ಲ!”

“ಅದೊಂದೇ ನನ್ನ ಪಾಲಿಗೆ ಉಳಿದಿದ್ದು ಕಣೇ. ಬಚ್ಚಿಟ್ಕೊಂಡಿದ್ದೆ.”

ಫೋನು ಮತ್ತೆ ಕಂಪನಿಯವನ ಕಡೆ ತಿರುಗಿತು. “ಮಾರೋದಿಲ್ಲ. ಚಹಾ ಕುಡಿದೇ ಹೋಗಿ.”

ಅವನು ಹೋದ ಮೇಲೆ ಸೊಸೆ ಕೇಳಿದಳು, “ಮನೆ ಹೇಗೆ ನಡೆಯುತ್ತೆ ಅತ್ತೆ?”

“ಮಹಡಿ ಕೋಣೆ ಬಾಡಿಗೆಗೆ ಕೊಡೋಣ.”

“ಬೇಡ! ಬೇರೇನು ಬೇಕಾದ್ರೂ ಮಾಡಿ, ಆ ಕೋಣೆ ಮಾತ್ರ...”

“ಅವನು ಅಲ್ಲಿಲ್ಲ ಕಣೇ,” ಎಂದಿತು ಆ ಏರಿಳಿತವಿಲ್ಲದ ದನಿ. “ನೀನು ಶಾಲೆಗೆ ಹೋದಾಗೆಲ್ಲ ನಾನೂ ಹುಡುಕಿ ನೋಡಿದ್ದೀನಿ.”

ಸೊಸೆ ಓಡಿಬಂದು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿದಳು. ಎರಡು ವರ್ಷದಿಂದ ಒಬ್ಬರಿಗೊಬ್ಬರು ತೋರಿಸದ ಕಣ್ಣೀರು ಅಂದು ಒಟ್ಟಿಗೆ ಹರಿಯಿತು.

ಬಳಸುವವರಿಗೆಲ್ಲ ಹೋದ ಮನವಿಯನ್ನು ಅತ್ತೆಯೇ ಬರೆದರು: ‘ಕೈಲಾದಷ್ಟು ಕೊಡಿ. ಕೊಡಲಾಗದವರು ಸುಮ್ಮನೆ ಮಾತಾಡಿ.’ ಸ್ವಲ್ಪ ಬಂತು. ಬಾಡಿಗೆಯೂ ಸೇರಿದರೆ ಹೇಗೋ ಸಾಕಾಗುವಂತಿತ್ತು. ಬಂದ ಪತ್ರಗಳಿಗೆ ಉತ್ತರಿಸುವ ಕೆಲಸವನ್ನೂ ಅತ್ತೆ ವಹಿಸಿಕೊಂಡರು. ಕೆಲವರಿಗೆ ಉತ್ತರದ ಜೊತೆ ಬೈಗುಳವೂ ಹೋಯಿತು.

ಸೊಸೆಯ ಮಂಚ ಮಹಡಿಯಿಂದ ಅತ್ತೆಯ ಕೋಣೆಗೆ ಇಳಿಯಿತು. ಅದೇ ಸಂಜೆ ಬಾಡಿಗೆಗೆ ಇಬ್ಬರು ನರ್ಸುಗಳು ಬಂದರು. ಅತ್ತೆ ಸೊಸೆ ಎದುರುಬದುರು ಕೂತು ಹಾಸಿಗೆಯ ಬಟ್ಟೆ ಮಡಚುತ್ತಿದ್ದಾಗ ಮೇಲೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ಇಬ್ಬರೂ ಒಟ್ಟಿಗೆ ಚಾವಣಿ ನೋಡಿದರು. ಅವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಸದ್ದು ನಿಲ್ಲುವವರೆಗೆ ಇಬ್ಬರೂ ತಲೆ ತಗ್ಗಿಸಲಿಲ್ಲ.