ಕುತ್ತಿಗೆಯ ಹೊಲಿಗೆ

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಫೋನ್ ಕೆಳಗಿಡಿ. ‘ಅಜ್ಜ, ಅದು ಐದನೇ ದಿನವೋ ಆರನೇ ದಿನವೋ’ ಎಂದು ಕೇಳಿದ ಮಹಾನುಭಾವನೇ, ಕೊಯ್ದದ್ದು ನನ್ನ ಎದೆಯನ್ನು, ನಿನ್ನದನ್ನಲ್ಲ. ಐದನೇ ದಿನ. ಈಗ ಬಾಯಿ ಮುಚ್ಚಿಕೊಂಡು ಕೇಳಿ.

ನಾನು ಅರಪ್ ಮೊಸೋನಿಕ್. ಅನ್ನನಾಳದಲ್ಲಿ ಗಡ್ಡೆ ಬೆಳೆದು, ಮೆಕ್ಕೆಜೋಳದ ಮುದ್ದೆ ಹಾಗಿರಲಿ, ಚಹಾ ಕೂಡ ಇಳಿಯುತ್ತಿರಲಿಲ್ಲ. ನಮ್ಮೂರು ಬೊಮೆಟ್‌ನ ಸಂತೆಯಲ್ಲಿ ಬಟ್ಟೆ ಹೊಲಿಯುವ ನನ್ನ ಮಗಳು ಚೆಸಾಂಗ್ ನನ್ನನ್ನು ಆಸ್ಪತ್ರೆಗೆ ಸೇರಿಸಿದಳು.

ವಾರ್ಡಿನ ಬಾಗಿಲಲ್ಲೇ ಅವಳು ನನ್ನನ್ನು ಕೊಯ್ಯಲಿದ್ದ ಹುಡುಗ ಡಾಕ್ಟರ್ ಬೀಗೊನ್‌ನನ್ನು ಅಡ್ಡಗಟ್ಟಿದಳು.

“ಅನ್ನನಾಳನೇ ತೆಗೆದ್ರೆ ಊಟ ಎಲ್ಲಿಂದ ಹೋಗುತ್ತೆ ಡಾಕ್ಟ್ರೇ?”

“ಹೊಟ್ಟೆ ಚೀಲನೇ ಉದ್ದ ಕೊಳವೆ ಥರ ಮಾಡಿ ಮೇಲಕ್ಕೆ ಎಳೀತೀವಿ. ಕುತ್ತಿಗೇಲಿ ಹೊಲೀತೀವಿ.”

“ಅಷ್ಟು ದೂರ ಯಾಕೆ? ಎದೇಲೇ ಹೊಲೀಬಾರದಾ?”

“ಎದೇಲಿ ಸೋರಿದ್ರೆ ಒಳಗೇ ಕೀವಾಗಿ ಜೀವಕ್ಕೇ ಕುತ್ತು ಬರುತ್ತೆ. ಕುತ್ತಿಗೇಲಿ ಸೋರಿದ್ರೆ ಕಣ್ಣಿಗೆ ಕಾಣುತ್ತೆ. ತೊಳೆದು ಕಾಯಬಹುದು.”

“ಬಿಗಿಯಾಗಿ ಹೊಲೀರಿ.”

“ಬಿಗಿಯಾದ್ರೆ ರಕ್ತ ಓಡಲ್ಲ, ಅಂಚು ಸಾಯುತ್ತೆ. ಸಡಿಲವಾದ್ರೆ ಸೋರುತ್ತೆ.”

“ರೇಷ್ಮೆ ಹೊಲಿದ ಹಾಗೆ ಅನ್ನಿ.”

ಅವನು ಮೊದಲ ಸಲ ನಕ್ಕ. ಅವಳ ಎದೆಯಲ್ಲಿ ಏನೋ ಕದಲಿತು... ‘ಥೂ, ಅಪ್ಪ ಸಾಯೋ ಹಾಗಿರುವಾಗ ಇದೇನು ನನ್ನ ಬುದ್ಧಿ’ ಎಂದು ತನ್ನನ್ನೇ ಬೈದುಕೊಂಡಳಂತೆ. ಇದೆಲ್ಲ ಆಮೇಲೆ ಅವಳೇ ಹೇಳಿದ್ದು.

ಎಂಟು ಗಂಟೆ ಕೊಯ್ದು ಹೊಲಿದರು. ಎಚ್ಚರವಾದಾಗ ಊಟ ಹಾಕಲು ಕರುಳಿಗೆ ನಳಿಕೆ, ಕುತ್ತಿಗೆಗೆ ಪಟ್ಟಿ. ಬಾಯಿಗೆ ಒಂದು ಹನಿ ನೀರೂ ಕೂಡದು ಎಂದು ಆಜ್ಞೆಯಾಯಿತು. ಬೀಗೊನ್ ದಿನಕ್ಕೆ ಮೂರು ಸಲ ಬರುತ್ತಿದ್ದ. ನನ್ನ ಕುತ್ತಿಗೆ ನೋಡಲು ಒಂದು ಸಲ ಸಾಕಿತ್ತು.

ಐದನೇ ದಿನ ಮಧ್ಯಾಹ್ನ ಚೆಸಾಂಗ್ ಬಟ್ಟೆ ಒಗೆಯಲು ಹೋಗಿದ್ದಳು. ನೋಡಲು ಬರುವ ನೆಂಟರಿಗೆಂದು ಅವಳು ಮಂಚದ ಕೆಳಗೆ ಮುರ್ಸಿಕ್ ಇಟ್ಟಿದ್ದಳು. ಇದ್ದಿಲು ಬಳಿದ ಸೋರೆ ಬುರುಡೆಯಲ್ಲಿ ಹುಳಿ ಬಂದ ನಮ್ಮ ಹಾಲು. ಅದರ ವಾಸನೆ ನನ್ನನ್ನು ಕರೆಯಿತು. ನೀರು ಬೇಡ ಎಂದಿದ್ದರು, ಹಾಲಿನ ಮಾತು ಬಂದಿರಲಿಲ್ಲ! ಎರಡು ಗುಟುಕು ಕುಡಿದೆ.

ಸಂಜೆ ಕುತ್ತಿಗೆಯ ಪಟ್ಟಿ ಆ ಇದ್ದಿಲು ಹಾಲಿನ ಬೂದು ಬಣ್ಣಕ್ಕೆ ತಿರುಗಿತ್ತು. ಬೀಗೊನ್ ಮೂಸಿ ನೋಡಿದ, ಮಂಚದ ಕೆಳಗಿಂದ ಬುರುಡೆ ಎಳೆದು ಚೆಸಾಂಗ್ ಕಡೆ ತಿರುಗಿದ.

“ನಿಮ್ದೇ ಅಲ್ವಾ ಇದು? ಅಪ್ಪನ್ನ ಕೊಲ್ಲೋಕೆ ಹೊರಟಿದ್ದೀರಾ?”

“ನಾನು ಕೊಟ್ಟಿಲ್ಲ,” ಎಂದಳು ಚೆಸಾಂಗ್. “ನಿಮ್ಮ ಹೊಲಿಗೆ ಬಿಟ್ಟಿದೆ. ಅದನ್ನ ಒಪ್ಪಿಕೊಳ್ಳೋ ಬದಲು ನನ್ನ ಮೇಲೆ ಹಾಕ್ತೀರಾ?”

ಅವನ ಮುಖ ಕಪ್ಪಿಟ್ಟಿತು. ಗಾಯ ಬಿಚ್ಚಿ ತೊಳೆದು ಹೋದ. ಮರುದಿನ ಬೇರೆ ಡಾಕ್ಟರ್ ಬಂದರು.

ಮತ್ತೆ ನಾನು? ಹಂದಿಯ ಹಾಗೆ ಸುಮ್ಮನೆ ಬಿದ್ದಿದ್ದೆ. ಬೈಗುಳದ ಭಯ. ಚೆಸಾಂಗ್ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುವಳು, ಮತ್ತೆ ತಗ್ಗಿಸುವಳು. ‘ಅಷ್ಟು ಕಟುವಾಗಿ ಯಾಕಂದೆ...’ ಎಂದು ಗೊಣಗುವಳು. ಎರಡು ದಿನ ಅದನ್ನು ನೋಡಿದೆ. ಮೂರನೇ ದಿನ ತಡೆಯಲಾಗಲಿಲ್ಲ.

“ಆ ಬೀಗೊನ್‌ನ ಕರಿ,” ಎಂದು ನರ್ಸಮ್ಮನಿಗೆ ಪಿಸುಗುಟ್ಟಿದೆ. ಅವನು ಬಂದು ನಿಂತ, ಇವಳು ಗೋಡೆ ನೋಡಿದಳು.

“ಕುಡಿದೋನು ನಾನು. ಯಾರೂ ಕೊಡ್ಲಿಲ್ಲ, ಕದ್ದು ಕುಡಿದೆ.”

“ಅಪ್ಪಾ! ನಾಚಿಕೆ ಇಲ್ವಾ ನಿನಗೆ?”

“ಇತ್ತು. ಅದನ್ನೂ ಕೊಯ್ದು ತೆಗೆದ್ರು ಅನ್ಸುತ್ತೆ.”

ಬೀಗೊನ್ ಮಂಚದ ಅಂಚಿಗೆ ಕುಳಿತ. “ಹೊಲಿಗೆ ಹಾಲಿಂದ ಬಿಡ್ತೋ, ಮೊದಲೇ ಬಿಟ್ಟಿತ್ತೋ, ಗೊತ್ತಿಲ್ಲ ಅಜ್ಜಾ. ನನ್ನ ಕೈ ತಪ್ಪೂ ಇರಬಹುದು.” ಆಮೇಲೆ ಚೆಸಾಂಗ್ ಕಡೆ ತಿರುಗಿದ. “ಆದ್ರೆ ನಿಮ್ಮನ್ನ ಬೈದದ್ದು ಪೂರ್ತಿ ನನ್ನದೇ ತಪ್ಪು.”

“ನಾನೂ ಬೈದೆನಲ್ಲ,” ಎಂದಳು ಮೆಲ್ಲಗೆ.

ಅಂದಿನಿಂದ ಇಬ್ಬರೂ ಸೇರಿ ಗಾಯ ತೊಳೆದರು. ಒಬ್ಬರು ಪಟ್ಟಿ ಹಿಡಿದರೆ ಇನ್ನೊಬ್ಬರು ಕತ್ತರಿ. ನನ್ನ ಕುತ್ತಿಗೆಯ ಮೇಲೆ ಅವರ ಬೆರಳಿಗೆ ಬೆರಳು ಎಷ್ಟು ಸಲ ತಾಕಿತೋ, ಲೆಕ್ಕ ಇಡುವ ಕೆಲಸ ನನ್ನದಲ್ಲ. ಪಟ್ಟಿ ದಿನದಿನಕ್ಕೆ ಒಣಗುತ್ತಾ ಬಂತು.

ಹತ್ತೊಂಬತ್ತು ದಿನಗಳಾದ ಮೇಲೆ ಬೀಗೊನ್ ನೀಲಿ ನೀರಿನ ಲೋಟ ತಂದ. ಪಟ್ಟಿ ನೀಲಿಯಾದರೆ ಇನ್ನೂ ಸೋರುತ್ತಿದೆ ಎಂದರ್ಥ. ಕುಡಿದೆ. ಚೆಸಾಂಗ್ ಪಟ್ಟಿಯನ್ನೇ ನೋಡುತ್ತಿದ್ದಳು. ಹತ್ತು ನಿಮಿಷ... ಇಪ್ಪತ್ತು... ಪಟ್ಟಿ ಹಾಲಿನಂತೆ ಬಿಳಿ.

ಅವಳು ಅಳುತ್ತಾ ನಕ್ಕಳು. ಅವನೂ ಕಣ್ಣೊರೆಸಿಕೊಂಡ.

“ಚೆಸಾಂಗ್, ನಿಮ್ಮದು ಯಾವ ಕುಲ?”

ನಮ್ಮಲ್ಲಿ ಹುಡುಗ ಹುಡುಗಿಯ ಕುಲ ಕೇಳುವುದು ಒಂದೇ ಕಾರಣಕ್ಕೆ. ಒಂದೇ ಕುಲವಾದರೆ ಅಣ್ಣ ತಂಗಿ, ಅಲ್ಲಿಗೆ ಮುಗಿಯಿತು. ಅವಳು ಒಳಗೊಳಗೇ ಬೇಡಿಕೊಂಡಳಂತೆ, ‘ದೇವರೇ, ಬೇರೆ ಇರಲಿ...’

“ಕೇಸ್ ಹಾಳೆಗೆ ಬೇಕಾ ಡಾಕ್ಟ್ರೇ?”

“ಇಲ್ಲ. ನನಗೆ ಬೇಕು.”

“ಜೇನು ಕುಲ.”

ಅವನು ಉದ್ದಕ್ಕೆ ಉಸಿರು ಬಿಟ್ಟು ಅವಳ ಕೈ ಹಿಡಿದ. “ನಮ್ಮದು ಕೊಕ್ಕರೆ.”

“ಹಾಗಾದ್ರೆ...”

“ಹಾಗಾದ್ರೆ ಚಿಕ್ಕಪ್ಪಂದಿರನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ? ನಾಳೆನೇ?”

“ಅಪ್ಪ ಮೊದಲು ಒಂದು ತುತ್ತು ನುಂಗಲಿ,” ಎಂದಳು ಚೆಸಾಂಗ್, ಅವನ ಕೈ ಬಿಡದೆ. “ನಾಡಿದ್ದು ಬನ್ನಿ.”

ಕೇಳಿದಿರಲ್ಲ? ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೂ ಡಾಕ್ಟರ ಹತ್ತಿರ ಹೋಗದೆ ಕೂತಿರುವ ಹಟಮಾರಿ ನಿಮ್ಮ ಮನೆಯಲ್ಲಿದ್ದರೆ, ಈ ಧ್ವನಿ ಸಂದೇಶವನ್ನು ಅವರಿಗೆ ಇವತ್ತೇ ಕಳಿಸಿ.